ಹಳೆಯ ಚೀಲ ಹೊರಡುವ ಮೊದಲು

ಆ ಗುರುವಾರ ಮಧ್ಯಾಹ್ನ ನನ್ನ ತಂಗಿ ಲ್ಯಾಬಿನ ಹೊಸ್ತಿಲಾಚೆ ಸ್ಟೂಲಿನ ಮೇಲೆ ಕುಳಿತು ಗಿರ್ಮಿಟ್ ತಿನ್ನುತ್ತಿದ್ದಳು. ಒಳಗೆ ತಿನ್ನಬಾರದೆಂದು ಸ್ಟೂಲನ್ನು ನಾನೇ ಹೊರಗೆ ಇಟ್ಟಿದ್ದೆ. ಅವಳಿಗೆ ಒಂಬತ್ತು ತಿಂಗಳು ತುಂಬುತ್ತ ಬಂದಿತ್ತು. ಸಿಂಗಟಾಲೂರು ಕಡೆಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆಂದು ಬಂದು ಮೂರು ವಾರವಾಗಿತ್ತು. ಅವ್ವ ನನ್ನ ಜೊತೆಗೇ ಇರುವುದರಿಂದ ನನ್ನ ಮನೆಯೇ ಅವಳಿಗೆ ತವರು. ಆ ದಿನ ತಪಾಸಣೆ ಮುಗಿದಿತ್ತು. ಎಲ್ಲ ಸರಿ ಇದೆ ಎಂದು ಡಾಕ್ಟರಮ್ಮ ಹೇಳಿದ್ದರು.

ನಾನು ಗದಗ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮಲ್ಲಿ ದಾನಿಗಳಿಂದ ರಕ್ತ ತೆಗೆಯುವುದಿಲ್ಲ, ತರಿಸಿ ಇಟ್ಟುಕೊಳ್ಳುತ್ತೇವೆ. ಅದಕ್ಕೊಂದು ಬೇರೆ ಫ್ರಿಜ್ ಇದೆ. ಎರಡರಿಂದ ಆರು ಡಿಗ್ರಿಯ ನಡುವೆ ಇರಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ ಬರೆದಿಡುವುದು ನನ್ನ ಕೆಲಸ. ರಕ್ತದ ಚೀಲಗಳು ಗದಗಿನ ಒಂದು ರಕ್ತನಿಧಿಯಿಂದ ಬರುತ್ತವೆ. ಅದನ್ನು ನಾವು ತಾಯಿ ರಕ್ತನಿಧಿ ಎನ್ನುತ್ತೇವೆ. ಚೀಲದ ಅವಧಿ ಮುಗಿಯಲು ಹತ್ತು ದಿನ ಉಳಿದಾಗ, ಇಲ್ಲಿ ಖರ್ಚಾಗದಿದ್ದರೆ, ಅದನ್ನು ವಾಪಸು ಕಳಿಸಬೇಕು. ದೊಡ್ಡ ಊರಿನಲ್ಲಿ ಯಾರಿಗಾದರೂ ಬೇಕಾಗುತ್ತದೆ, ಕೆಡುವುದಿಲ್ಲ. ಒಳ್ಳೆಯ ನಿಯಮ.

ನಮ್ಮ ಕಡೆ ಅದು ನಡೆಯುತ್ತಿದ್ದ ರೀತಿ ಹೀಗೆ: ಗುರುವಾರದ ಗಾಡಿಯಲ್ಲಿ ಹಳೆಯ ಚೀಲ ಹೋಗುವುದು, ಸೋಮವಾರದ ಲಸಿಕೆ ಗಾಡಿಯಲ್ಲಿ ಹೊಸ ಚೀಲ ಬರುವುದು. ನಡುವೆ ಮೂರು ದಿನ. ನಾನು ಇಲ್ಲಿ ಕೆಲಸಕ್ಕೆ ಬಂದ ಮೇಲೆ ಆ ಮೂರು ದಿನಗಳಲ್ಲಿ ಏನೂ ಆಗಿರಲಿಲ್ಲ. ಆದ್ದರಿಂದ ಯಾರೂ ಅದನ್ನು ಯೋಚಿಸಿರಲಿಲ್ಲ.

ಆ ದಿನ ಕಳಿಸಬೇಕಾದವು ಎರಡು ಓ ಪಾಸಿಟಿವ್ ಚೀಲ. ನಾನು ತಾಪಮಾನವನ್ನು ಬಿಳಿ ಪಟ್ಟಿಯ ಮೇಲೆ ಬರೆದು ಚೀಲದ ಅಂಚಿಗೆ ಅಂಟಿಸಿದೆ. ಚೀಲಕ್ಕೆ ಐಸ್ ನೇರವಾಗಿ ತಾಗಬಾರದೆಂದು ನಡುವೆ ರಟ್ಟು ಇಟ್ಟೆ. ತಂಗಿ ನೋಡುತ್ತಿದ್ದಳು.

"ಇಷ್ಟ ಛಂದ ತಂಪ ಪೆಟ್ಟಿಗಿ ಇಟ್ಕೊಂಡು ಒಂದ್ ಗಿಂಡಿ ಮಜ್ಜಿಗಿ ಇಡಾಕ ಬರಂಗಿಲ್ಲಂದ್ರ ಏನ್ ಉಪಯೋಗಕ್ಕಾ?" ಎಂದಳು. ಇವನ್ನು ಎಲ್ಲಿಗೆ ಕಳಿಸುತ್ತಿ ಎಂದು ಕೇಳಿದಳು. ತಾಯಿ ರಕ್ತನಿಧಿಗೆ ಎಂದೆ.

"ನನ್ನಂಗ ತವರಿಗಿ ಹೊಂಟಾವ ಅನ್ನು."

ನಾನು ನಕ್ಕು ಪೆಟ್ಟಿಗೆ ಮುಚ್ಚಿದೆ. ಡ್ರೈವರ್ ಬಂದು ಸಹಿ ಮಾಡಿ ಒಯ್ದ.

ಶನಿವಾರ ಬೆಳಿಗ್ಗೆ ಅವಳಿಗೆ ಬೇನೆ ಶುರುವಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಮಗು ಬಂದ ಮೇಲೆ ಗರ್ಭಕೋಶ ಬಿಗಿಯಲಿಲ್ಲ. ಡಾಕ್ಟರಮ್ಮ ಮಾಡಬೇಕಾದ್ದನ್ನೆಲ್ಲ ಮಾಡಿದರು, ಸೂಜಿ, ಸಲೈನ್, ಹೊಟ್ಟೆ ಒತ್ತುವುದು. ಹದಿನೈದು ನಿಮಿಷದ ನಂತರ ಲ್ಯಾಬಿಗೆ ಫೋನ್ ಬಂತು. ಓ ಪಾಸಿಟಿವ್, ಎರಡು.

ನಾನು ಹೋಗಿ ಫ್ರಿಜ್ ತೆರೆದೆ. ಏನಿದೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಆದರೂ ತೆರೆದು ನೋಡಿದೆ. ಒಂದು ಎ, ಒಂದು ಬಿ, ಎರಡೂ ಅವಳಿಗೆ ಆಗುವುದಿಲ್ಲ. ಮೇಲಿನ ತಟ್ಟೆ ಖಾಲಿ.

ಆಂಬುಲೆನ್ಸಿನಲ್ಲಿ ಗದಗಿಗೆ ಒಂದು ತಾಸು. ನಾನು ಅವಳ ರಕ್ತದ ಮಾದರಿಯನ್ನು ಸಣ್ಣ ಬಾಟಲಿಯಲ್ಲಿ ತೆಗೆದುಕೊಂಡು ಕೈಯಲ್ಲೇ ಹಿಡಿದಿದ್ದೆ, ಇಳಿದ ತಕ್ಷಣ ಚೀಲದ ರಕ್ತದ ಜೊತೆ ಹೊಂದಾಣಿಕೆ ನೋಡಲು ಕೊಡಬೇಕೆಂದು. ಅವಳು ದಾರಿಯಲ್ಲಿ ಒಂದೇ ಸಲ ಮಾತಾಡಿದಳು. ಚಳಿ ಆಗತೈತಿ ಎಂದಳು.

ರಕ್ತನಿಧಿಯವರು ತಡ ಮಾಡಲಿಲ್ಲ. ಒಯ್ಯುವ ರಕ್ತಕ್ಕೆ ಬದಲಿಯಾಗಿ ಕೊಡುವವರು ಯಾರು ಎಂದು ಎಲ್ಲರನ್ನೂ ಮೊದಲು ಕೇಳುತ್ತಾರೆ, ನಮ್ಮನ್ನು ಅದನ್ನೂ ಕೇಳಲಿಲ್ಲ. ಹೊಂದಾಣಿಕೆ ನೋಡಿ ಚೀಲವನ್ನು ನನ್ನ ಕೈಗೆ ಕೊಟ್ಟರು. ಚೀಲ ಕೈಗೆ ಬಂದರೆ ಸಂಖ್ಯೆ ಓದುವುದು ನನ್ನ ಅಭ್ಯಾಸ. ಓದಿದೆ. ಅಂಚಿನಲ್ಲಿ ಬಿಳಿ ಪಟ್ಟಿ ಇತ್ತು, ಅದರ ಮೇಲೆ ನನ್ನ ಅಕ್ಷರದಲ್ಲಿ ಗುರುವಾರದ ತಾಪಮಾನ.

ಹಳೆಯದು ಮೊದಲು ಖರ್ಚಾಗಬೇಕು ಎಂಬುದು ಅಲ್ಲಿಯ ಪದ್ಧತಿ. ಅದೂ ಸರಿಯಾದದ್ದೇ.

ಆ ಚೀಲ ಅರ್ಧ ಇಳಿಯುವಷ್ಟರಲ್ಲಿ ನನ್ನ ತಂಗಿ ಹೋದಳು.

ದಿನಕರ್ಮ ಮುಗಿದ ಮರುದಿನ ಕೆಲಸಕ್ಕೆ ಹೋದೆ. ಮಗು ಅವ್ವನ ಹತ್ತಿರ ಇತ್ತು. ಡಾಕ್ಟರಮ್ಮ ನಮ್ಮ ಆಸ್ಪತ್ರೆಯ ಮುಖ್ಯಸ್ಥರೂ ಹೌದು. ಅವರ ಕೋಣೆಗೆ ಹೋಗಿ ಬಿಳಿ ಪಟ್ಟಿಯ ವಿಷಯ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

"ನೀ ರೂಲ್ ಪ್ರಕಾರನ ಮಾಡೀದಿ," ಎಂದರು.

"ಹೌದ್ರಿ. ಅದಕ್ಕ ರೂಲ್ ನಡಸೂ ರೀತಿ ಬದಲಾಗಬೇಕ್ರಿ."

ನನ್ನ ಬೇಡಿಕೆ ಒಂದೇ ಸಾಲಿನದು. ಹೊಸ ಚೀಲ ಬಂದು ಫ್ರಿಜ್‌ನಲ್ಲಿ ಕುಳಿತ ಮೇಲೆಯೇ ಹಳೆಯ ಚೀಲ ಹೊರಡಬೇಕು. ಅದೇ ಗಾಡಿ, ಅದೇ ಪೆಟ್ಟಿಗೆ. ಡಾಕ್ಟರಮ್ಮ ಪತ್ರ ಬರೆದುಕೊಟ್ಟರು. ಅದನ್ನು ಹಿಡಿದುಕೊಂಡು ಗದಗಿಗೆ ಹೋದೆ.

ರಕ್ತನಿಧಿಯ ಡಾಕ್ಟರು ನಿವೃತ್ತಿಗೆ ಹತ್ತಿರ ಬಂದವರು. ಮಾತು ಒರಟು. ಪತ್ರ ಓದಿ, ಕನ್ನಡಕ ತೆಗೆದು, ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತಮ್ಮ ದೊಡ್ಡ ಫ್ರಿಜ್ ತೆರೆದು ತೋರಿಸಿದರು. ಓ ಪಾಸಿಟಿವ್ ಇರಬೇಕಾದ ಎರಡು ತಟ್ಟೆಗಳಲ್ಲಿ ಒಂದು ಪೂರ್ತಿ ಖಾಲಿ ಇತ್ತು.

"ಹೊಸಾದು ಮೊದಲ ಕೊಡ್ರಿ ಅಂತಿ. ಎಲ್ಲಿಂದ ಕೊಡ್ಲಿ? ನಿನ್ನ ಫ್ರಿಜ್ಜಿನ್ಯಾಗ ಎರಡು ಹೆಚ್ಚಿಗಿ ಕುಂತ್ರ ಇಲ್ಲಿ ಎರಡು ಕಡಿಮಿ. ನಿಮ್ಮ ತಾಲೂಕಿನವ್ರು ಬೇಕಾದಾಗ ಓಡಿ ಬರ್ತಾರ. ಕೊಡಾಕ ಒಬ್ಬಾಂವ ಬಂದಿದ್ದು ನಾ ಕಂಡಿಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆ ಜನ ರಕ್ತ ಕೊಡುತ್ತಾರೆ, ಆದರೆ ಆಸ್ಪತ್ರೆಯಲ್ಲಿ ಮಲಗಿದವರ ಹೆಸರು ಗೊತ್ತಿದ್ದರೆ ಮಾತ್ರ. ಅಳಿಯ, ಮಾವ, ಓಣಿಯವರು ಬಂದು ಸಾಲಾಗಿ ನಿಲ್ಲುತ್ತಾರೆ. ಯಾರೂ ಮಲಗದೆ ಇದ್ದಾಗ ಕೊಡುವುದು ಯಾರಿಗೂ ಗೊತ್ತಿಲ್ಲ. ಕೊನೆಗೆ ಡಾಕ್ಟರೇ ಹೇಳಿದರು, ನಿಮ್ಮ ಕಡೆ ಶಿಬಿರ ಮಾಡಿ ಇಪ್ಪತ್ತು ಚೀಲ ತರಿಸು, ಆಮೇಲೆ ಮಾತಾಡೋಣ.

ಲಕ್ಷ್ಮೇಶ್ವರದ ದಾರಿಯಲ್ಲಿರುವ ಒಂದು ಹಳ್ಳಿಯಲ್ಲಿ ಮೊದಲ ಶಿಬಿರ ಇಟ್ಟೆವು. ಅಲ್ಲಿಯ ಆಶಾ ಕಾರ್ಯಕರ್ತೆ ಮನೆ ಮನೆಗೆ ನನ್ನ ಜೊತೆ ಬಂದಳು. ದಿನವನ್ನು ನಾನೇ ಆರಿಸಿದೆ. ಸೋಮವಾರ ಎತ್ತು ಹೂಡುವುದಿಲ್ಲ, ಗಂಡಸರು ಊರಲ್ಲಿರುತ್ತಾರೆ. ಶಾಲೆಯ ಗೋಡೆಗೆ ಅಂಟಿಸಿದ ಕಾಗದದಲ್ಲಿ ರಕ್ತದಾನ ದೇವರ ಸೇವೆಗೆ ಸಮಾನ ಎಂದು ಬರೆದೆ. ಅದು ಶ್ರಾವಣ ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಶ್ರಾವಣ ಮಾಡಿರಲಿಲ್ಲ.

ಜನ ಬಂದರು. ನಾನು ಎಣಿಸಿದ್ದಕ್ಕಿಂತ ಹೆಚ್ಚು ಬಂದರು. ಎಲ್ಲರೂ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದರು. ನನಗೆ ಸಂತೋಷವಾಯಿತು. ಒಬ್ಬೊಬ್ಬರ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೀಲಿ ದ್ರಾವಣಕ್ಕೆ ಬಿಡುತ್ತಿದ್ದೆ. ಹನಿ ಮುಳುಗಿದರೆ ರಕ್ತ ಗಟ್ಟಿ ಇದೆ, ಕೊಡಬಹುದು. ತೇಲಿದರೆ ಬೇಡ. ಹೆಣ್ಣುಮಕ್ಕಳ ಹನಿ ಹೆಚ್ಚಾಗಿ ತೇಲುತ್ತಿತ್ತು. ಆಮೇಲೆ ಫಾರ್ಮಿನಲ್ಲಿದ್ದ ಪ್ರಶ್ನೆಗಳು. ತೂಕ, ಜ್ವರ, ಔಷಧಿ, ಊಟ.

"ಊಟ ಆಗೇತೇನ್ರಿ?"

"ಆತ್ರಿ. ನಿಮ್ದ್ರಿ?"

ಪ್ರತಿಯೊಬ್ಬರೂ ಹಾಗೇ ಹೇಳಿದರು. ನಾನು ಗುರುತು ಹಾಕುತ್ತ ಹೋದೆ.

ಆರನೆಯವನು ಊರಿನ ಪೈಲ್ವಾನ. ಮಂಚ ಅವನಿಗೆ ಸಾಲದಾಯಿತು. ರಕ್ತ ಕೊಟ್ಟು ಎದ್ದು, ಮೀಸೆ ತಿರುವಿ, ನಾಲ್ಕು ಹೆಜ್ಜೆ ನಡೆದು, ಶಾಲೆಯ ಕಂಬವನ್ನು ಹಿಡಿದುಕೊಂಡು ನಿಧಾನಕ್ಕೆ ಕೆಳಗೆ ಇಳಿದ. ಅವನನ್ನು ಮಲಗಿಸಿ ಕಾಲು ಎತ್ತಿ ಹಿಡಿಯುವಷ್ಟರಲ್ಲಿ ಪಕ್ಕದ ಮಂಚದವನ ಕಣ್ಣು ಮೇಲಾಯಿತು. ಅವನ ನಂತರ ಇನ್ನೊಬ್ಬ. ಮೂವರಿಗೂ ಏನೂ ಆಗಲಿಲ್ಲ, ಸಕ್ಕರೆ ನೀರು ಕುಡಿದು ಅರ್ಧ ತಾಸಿನಲ್ಲಿ ಎದ್ದು ಕುಳಿತರು. ಆದರೆ ಅಂಗಳದಲ್ಲಿದ್ದ ಸಾಲು ಕರಗಿತು. ಪೈಲ್ವಾನನೇ ಬಿದ್ದ ಮೇಲೆ ನಮ್ಮಂಥವರ ಪಾಡೇನು ಎಂದು ಒಬ್ಬ ಹೇಳಿದ್ದು ನನಗೆ ಕೇಳಿಸಿತು. ಏಳು ಚೀಲಕ್ಕೆ ಶಿಬಿರ ಮುಗಿಯಿತು.

ಹದಿನೈದು ದಿನಕ್ಕೆ ಶಿರಹಟ್ಟಿ ಕಡೆ ಎರಡನೆಯ ಶಿಬಿರ ಇಟ್ಟೆವು. ಖಬರ್ ನಮಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ಮಧ್ಯಾಹ್ನದವರೆಗೆ ಕುಳಿತರೂ ಬಂದವರು ಶಾಲೆಯ ಮಾಸ್ತರರು ಒಬ್ಬರೇ. ಕೊನೆಗೆ ನಮ್ಮ ಡ್ರೈವರ್ ತೋಳು ಮಡಚಿಕೊಂಡು ಮಂಚ ಹತ್ತಿದ.

"ಬರಿಗೈಲೆ ತಿರಗಿ ಹೋಗಾಕ ಗಾಡಿಗೂ ನಾಚಿಕಿ ಬರತೈತ್ರಿ ಅಕ್ಕಾರ. ನಂದರ ತಗೋರಿ."

ಗದಗಿನಿಂದ ಬಂದಿದ್ದ ಸಿಬ್ಬಂದಿ ಸಾಮಾನು ಕಟ್ಟಿದರು. ಇನ್ನು ಮುಂದೆ ಕರೆದರೆ ಬರುವುದು ಕಷ್ಟ ಎಂದು ಮೆತ್ತಗೆ ಹೇಳಿ ಹೋದರು. ಆ ಸಂಜೆ ಬಸ್ಸಿನಲ್ಲಿ ಕುಳಿತಾಗ ಇದನ್ನು ಬಿಟ್ಟುಬಿಡಬೇಕು ಅನ್ನಿಸಿತು. ನಾನು ಫ್ರಿಜ್ ನೋಡಿಕೊಳ್ಳುವವಳು. ಊರನ್ನು ಒಪ್ಪಿಸುವುದು ನನಗೆ ಬರುವ ಕೆಲಸವಲ್ಲ. ಮನೆಗೆ ಬಂದಾಗ ಅವ್ವ ಮಗುವಿಗೆ ಬಾಟಲಿ ಹಾಲು ಕುಡಿಸುತ್ತಿದ್ದಳು. ಮಗು ಬಾಟಲಿ ಬಿಟ್ಟು ನನ್ನ ಕಡೆ ತಿರುಗಿ ನೋಡಿತು.

ಆ ರವಿವಾರ ಪೈಲ್ವಾನನ ಮನೆಗೆ ಹೋದೆ, ಕ್ಷಮೆ ಕೇಳಲೆಂದು. ಅವನು ನನ್ನನ್ನು ಕಂಡು ಹಿತ್ತಲಿಗೆ ಹೋದ. ಅವನ ತಾಯಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಕುಂಡ್ರು ಎಂದಳು. ಅವನಿಗೆ ಊಟವಾಗಿದೆ ಎಂದು ಫಾರ್ಮಿನಲ್ಲಿ ಬರೆದಿತ್ತು, ನಾನು ಕೇಳಿಯೇ ಬರೆದಿದ್ದೆ ಎಂದು ಹೇಳಿದೆ.

ಮುದುಕಿ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

"ಶ್ರಾವಣ ಸೋಮಾರ ಯಾರ ಉಂಡ ಬರ್ತಾರವಾ? ದೇವರ ಸೇವಾ ಅಂತ ನೀನ ಬರದಿದ್ದೆಲ್ಲ. ಜಳಕ ಮಾಡಿ, ಉಪಾಸ ಇದ್ದು ಬಂದಾರ."

"ಊಟ ಆತೇನಂತ ಕೇಳಿದ್ನೆಲ್ಲ ಯವ್ವಾ."

"ಊಟ ಆತೇನಂತ ಕೇಳಿದ್ರ ಯಾರರ ಇಲ್ಲ ಅಂತಾರೇನ? ಇಲ್ಲಂದ್ರ ನೀಡ್ರಿ ಅಂದಂಗಾತು. ಕೇಳಬಾರದವಾ. ನೀಡಬೇಕು."

ಅವಳು ಒಳಗೆ ಹೋಗಿ ಒಂದು ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ, ಮೊಸರು ತಂದು ನನ್ನ ಮುಂದೆ ಇಟ್ಟಳು. ನನ್ನನ್ನು ಊಟವಾಯಿತೇ ಎಂದು ಕೇಳಲಿಲ್ಲ. ನಾನು ಬೆಳಿಗ್ಗೆಯಿಂದ ತಿಂದಿರಲಿಲ್ಲ. ಕೇಳಿದ್ದರೆ ಆಗಿದೆ ಎಂದೇ ಹೇಳುತ್ತಿದ್ದೆ.

ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ. ಪ್ರಶ್ನೆಯನ್ನು ಫಾರ್ಮಿನಿಂದ ತೆಗೆಯುವ ಅಧಿಕಾರ ನನಗಿಲ್ಲ. ಆದರೆ ಪ್ರಶ್ನೆಯ ಮೇಜಿಗೆ ಬರುವ ಮೊದಲು ಪಂಕ್ತಿ ಹಾಕಬಹುದು. ಉಂಡು ಎದ್ದವರು ಮಾತ್ರ ನನ್ನ ಮೇಜಿಗೆ ಬರಬೇಕು. ರಕ್ತನಿಧಿಯ ಡಾಕ್ಟರಿಗೆ ಫೋನಿನಲ್ಲಿ ಹೇಳಿದಾಗ ಅವರು ಮೊದಲು ಬೇಡ ಎಂದರು. ಎಣ್ಣೆ ತುಪ್ಪದ ಊಟ ಉಂಡು ಬಂದರೆ ರಕ್ತದ ಮೇಲಿನ ನೀರು ಹಾಲಿನಂತೆ ಬಿಳುಪಾಗುತ್ತದೆ, ಪರೀಕ್ಷೆಗೆ ತೊಂದರೆ. ಕೊನೆಗೆ ಎಣ್ಣೆ ಕಡಿಮೆ ಹಾಕಿದ ಉಪ್ಪಿಟ್ಟು, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆಗೆ ಒಪ್ಪಿದರು. ಉಂಡ ಮೇಲೆ ಒಂದು ತಾಸು ಕಾಯಬೇಕು. ಇದು ಕೊನೆಯ ಶಿಬಿರ ಎಂದೂ ಹೇಳಿದರು.

ಮೂರನೆಯದನ್ನು ಲಕ್ಷ್ಮೇಶ್ವರದಲ್ಲಿ, ಮಹಾನವಮಿಯ ಮುಂದೆ ಇಟ್ಟೆವು. ಅದಕ್ಕೆ ವಾರ ಮೊದಲು ಒಂದು ಓಣಿಯಲ್ಲಿ ಜನರನ್ನು ಕೂಡಿಸಿ ಮಾತಾಡಿದೆ. ಹಿಂದೂಗಳು, ಮುಸಲ್ಮಾನರು ಇಬ್ಬರೂ ಇದ್ದರು. ಸೇವೆ, ದಾನ ಎಂಬ ಮಾತು ಬಿಟ್ಟೆ. ಫ್ರಿಜ್ ಹೇಗೆ ಕೆಲಸ ಮಾಡುತ್ತದೆ, ಚೀಲ ಎಷ್ಟು ದಿನ ಇರುತ್ತದೆ ಎಂದು ಹೇಳಿದೆ. ಹಿಂದೆ ಕುಳಿತಿದ್ದ ಒಬ್ಬ ಹಿರಿಯ ದರ್ಜಿ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ಕೈ ಎತ್ತಿ ಕೇಳಿದರು.

"ಎಲ್ಲಾ ಖರೆ ಬೇಟಿ. ಯಾರಿಗಿ ಕೊಡಬೇಕು ಅದನ್ನ ಹೇಳಲಿಲ್ಲ. ಮಲಗಿದವರ ಹೆಸರೇನು?"

ಇದೇ ಪ್ರಶ್ನೆಗೆ ಉತ್ತರವಿಲ್ಲದೆ ನಾನು ಎರಡು ಶಿಬಿರ ಕಳೆದಿದ್ದೆ.

"ಹೆಸರು ಇನ್ನೂ ಗೊತ್ತಿಲ್ಲ ಚಾಚಾ," ಎಂದೆ. "ಗೊತ್ತಾದ ಮ್ಯಾಲೆ ತಂದ್ರ ತಡ ಆಗತೈತಿ. ನನ್ನ ತಂಗಿ ಹೆಸರು ನನಗ ಮೊದಲ ಗೊತ್ತಿತ್ತು. ಆದ್ರೂ ತಡ ಆತು."

ಆಮೇಲೆ ಆ ಗುರುವಾರದಿಂದ ಶನಿವಾರದವರೆಗಿನದನ್ನು ಹೇಳಿದೆ, ಬಿಳಿ ಪಟ್ಟಿಯನ್ನೂ. ಹೇಳುವ ಯೋಚನೆ ಇರಲಿಲ್ಲ. ಅಳಲಿಲ್ಲ. ದರ್ಜಿ ಚಾಚಾ, ತಮ್ಮ ವಯಸ್ಸು ಮೀರಿದೆ, ಆದರೆ ಮನೆಯಲ್ಲಿ ಮೂವರು ಗಂಡುಮಕ್ಕಳಿದ್ದಾರೆ ಎಂದರು. ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಇನ್ನೊಂದು ಮಾತು ಹೇಳಿದರು.

"ನಮ್ಮ ರೋಜಾ ತಿಂಗಳಾಗ ನಮ್ಮನ್ನ ಕರಿಬ್ಯಾಡ. ಶ್ರಾವಣದಾಗ ಇವರನ್ನ ಕರಿಬ್ಯಾಡ. ಹಂಚಿಕೊಂಡ್ರ ವರ್ಷಾ ಪೂರ್ತಿ ನಡೀತೈತಿ. ಇಷ್ಟು ಓದಿ ಇದು ಹೊಳಿಲಿಲ್ಲೇನ ನಿನಗ?"

ಹೊಳೆದಿರಲಿಲ್ಲ. ಮನೆಗೆ ಹೋಗಿ ಕ್ಯಾಲೆಂಡರಿನಲ್ಲಿ ಎರಡು ಬಣ್ಣದಲ್ಲಿ ಗುರುತು ಹಾಕಿದೆ.

ಶಿಬಿರದ ದಿನ ಪಂಕ್ತಿ ಬಡಿಸಲು ಪೈಲ್ವಾನನ ತಾಯಿ ಸೊಂಟಕ್ಕೆ ಸೆರಗು ಕಟ್ಟಿಕೊಂಡು ಬಂದಿದ್ದಳು. ಆದೀತು, ಸಾಕು ಎಂದವರಿಗೆಲ್ಲ ಇನ್ನೊಂದು ಸವಟು ಉಪ್ಪಿಟ್ಟು ಹಾಕಿದಳು. ನಾನು ಎದುರಿಗೆ ನಿಂತು ತಟ್ಟೆ ಖಾಲಿಯಾದದ್ದನ್ನು ನೋಡಿ ಚೀಟಿ ಕೊಟ್ಟೆ. ಚೀಟಿ ಇದ್ದವರು ಮಾತ್ರ ಒಳಗೆ. ಯಾರೂ ಬೀಳಲಿಲ್ಲ. ಮೊದಲು ಕೊಟ್ಟವರು ಹೊರಗೆ ಹೋಗಿ ನಿಂತು ಬೀಡಿ ಹಚ್ಚಿದ್ದನ್ನು ನೋಡಿ ಉಳಿದವರು ಬಂದರು. ಇಪ್ಪತ್ತಾರು ಚೀಲವಾಯಿತು. ನನ್ನ ಬೆರಳಿನ ಹನಿಯನ್ನೂ ನೀಲಿ ದ್ರಾವಣಕ್ಕೆ ಬಿಟ್ಟೆ. ತೇಲಿತು.

ರಕ್ತನಿಧಿಯ ಡಾಕ್ಟರು ಮಾತಿಗೆ ತಪ್ಪಲಿಲ್ಲ. ಪ್ರಯೋಗಕ್ಕೆ ಎಂದು ಹೇಳಿ ಒಪ್ಪಿದರು. ಮೊದಲ ಅದಲುಬದಲಿನ ಗುರುವಾರ ಹೊಸ ಚೀಲ ಬಂದ ಪೆಟ್ಟಿಗೆಯನ್ನು ತೆರೆದು, ತಾಪಮಾನ ನೋಡಿ, ಸಂಖ್ಯೆ ಓದಿ, ಫ್ರಿಜ್‌ನ ಮೇಲಿನ ತಟ್ಟೆಯಲ್ಲಿಟ್ಟೆ. ಫ್ರಿಜ್ ಮತ್ತೆ ನಾಲ್ಕು ಡಿಗ್ರಿಗೆ ಇಳಿಯುವವರೆಗೆ ಕಾದೆ. ಆಮೇಲೆ ಹಳೆಯ ಚೀಲಗಳನ್ನು ಅದೇ ಪೆಟ್ಟಿಗೆಗೆ ಹಾಕಿದೆ. ಡ್ರೈವರ್ ಹೊರಗೆ ಅರ್ಧ ತಾಸು ಕಾಯಬೇಕಾಯಿತು. ಲಗ್ನದ ಹೆಣ್ಣು ಕಳಿಸಲೂ ಇಷ್ಟು ತಡ ಮಾಡುವುದಿಲ್ಲ ಎಂದು ಗೊಣಗಿದ. ಈಗ ಅವನಿಗೆ ಅಭ್ಯಾಸವಾಗಿದೆ, ಆ ಹೊತ್ತಿಗೆ ಚಹಾ ಕುಡಿದು ಬರುತ್ತಾನೆ.

ಮರು ವರ್ಷ ಬೇಸಿಗೆಯ ಒಂದು ಶುಕ್ರವಾರ ಹೆರಿಗೆ ಕೋಣೆಯಿಂದ ಫೋನ್ ಬಂತು. ಓ ಪಾಸಿಟಿವ್, ಎರಡು. ಮುಂಡರಗಿ ಕಡೆಯ ಹಳ್ಳಿಯವಳು, ಎರಡನೆಯ ಹೆರಿಗೆ. ಹಿಂದಿನ ದಿನವಷ್ಟೇ ಹಳೆಯ ಚೀಲಗಳು ಹೋಗಿದ್ದವು. ಮೊದಲಿನ ಪದ್ಧತಿಯಾಗಿದ್ದರೆ ಸೋಮವಾರದವರೆಗೆ ತಟ್ಟೆ ಖಾಲಿ ಇರುತ್ತಿತ್ತು. ನಾನು ಫ್ರಿಜ್ ತೆರೆದೆ. ಎರಡು ಇದ್ದವು. ಅವಳ ಮಾದರಿಯ ಜೊತೆ ಹೊಂದಾಣಿಕೆ ನೋಡಿದೆ. ಅದಕ್ಕೆ ಮುಕ್ಕಾಲು ತಾಸು ಬೇಕು, ಅವಸರದಲ್ಲಿ ಕೂಡಲೇ ನೋಡುವ ಚಿಕ್ಕ ವಿಧಾನವೂ ಇದೆ. ಚಿಕ್ಕದನ್ನು ಮಾಡಿ ಮೊದಲ ಚೀಲ ಕೊಟ್ಟು, ಉಳಿದದ್ದನ್ನು ಆಮೇಲೆ ಪೂರ್ತಿ ಮಾಡಿದೆ. ಎರಡನೆಯ ಚೀಲ ಮುಗಿಯುವ ಹೊತ್ತಿಗೆ ಡಾಕ್ಟರಮ್ಮ ಲ್ಯಾಬಿಗೆ ಬಂದು, ಬಾಗಿಲಲ್ಲಿದ್ದ ಸ್ಟೂಲಿನ ಮೇಲೆ ಕುಳಿತರು.

"ಗಟ್ಟಿ ಆದ್ಲು. ಚಹಾ ಕೇಳಾಕತ್ಯಾಳ," ಎಂದರು.

ರಿಜಿಸ್ಟರಿನಲ್ಲಿ ಅವಳ ಹೆಸರು ಬರೆದೆ. ಚೀಲ ತಂದ ದಿನ, ಖರ್ಚಾದ ದಿನ ಬರೆದೆ.

ಅದಾದ ಮೇಲೆ ಡಾಕ್ಟರಮ್ಮ ಮತ್ತು ನಾನು ಕೂಡಿ ಒಂದು ಪುಟದ ಕ್ರಮ ಬರೆದೆವು. ಹೊಸ ಚೀಲ ಒಳಗೆ ಬರುವವರೆಗೆ ಹಳೆಯದು ಹೊರಗೆ ಹೋಗಬಾರದು. ಶಿಬಿರದಲ್ಲಿ ಉಣಿಸಿದ ಮೇಲೆಯೇ ಫಾರ್ಮು. ಉಪವಾಸದ ತಿಂಗಳುಗಳನ್ನು ನೋಡಿ ದಿನ ಗೊತ್ತುಮಾಡುವುದು. ನಮ್ಮ ಫ್ರಿಜ್‌ಗೆ ಮಾತ್ರವಲ್ಲ, ರಕ್ತ ಇಡುವ ಎಲ್ಲ ಆಸ್ಪತ್ರೆಗಳಿಗೂ ಇದನ್ನು ಆದೇಶ ಮಾಡಬೇಕೆಂದು ಮೇಲಿನ ಕಚೇರಿಗೆ ಕಳಿಸಿದೆವು. ರಕ್ತನಿಧಿಯ ಡಾಕ್ಟರೂ ಒಂದು ಸಾಲು ಬರೆದು ಸಹಿ ಹಾಕಿ ನಿವೃತ್ತರಾದರು. ಪರಿಶೀಲನೆಯಲ್ಲಿದೆ ಎಂದು ಒಂದು ಉತ್ತರ ಬಂದಿದೆ. ಎರಡು ಸಲ ನೆನಪಿನ ಪತ್ರ ಬರೆದಿದ್ದೇವೆ. ಮೂರನೆಯದನ್ನು ಮುಂದಿನ ವಾರ ಬರೆಯುತ್ತೇನೆ.

ಪುಟದ ಒಂದು ಪ್ರತಿಯನ್ನು ಫ್ರಿಜ್‌ನ ಬಾಗಿಲಿಗೆ ಅಂಟಿಸಿದ್ದೇನೆ. ತಂಗಿಯ ಮಗಳು ಈಗ ನಡೆಯುತ್ತಾಳೆ. ಅವ್ವ ಅವಳನ್ನು ಆಸ್ಪತ್ರೆಗೆ ಕರೆತಂದಾಗ ಹೊಸ್ತಿಲಲ್ಲೇ ನಿಂತು ಒಳಗೆ ನೋಡುತ್ತಾಳೆ. ಒಳಗೆ ಬರಬಾರದೆಂದು ನಾನು ಹೇಳಿಕೊಟ್ಟಿದ್ದೇನೆ.

ನನಗೆ ವರ್ಗವಾದರೆ ನನ್ನ ಜಾಗಕ್ಕೆ ಬರುವವರು ಆ ಕಾಗದವನ್ನು ಕಿತ್ತು ಹಾಕಬಹುದು. ಗುರುವಾರ ಕಳಿಸಿ ಸೋಮವಾರ ತರಿಸಬಹುದು. ಅದು ಅವರ ತಪ್ಪಾಗುವುದಿಲ್ಲ. ಪುಟದ ಕೆಳಗೆ ಮೇಲಧಿಕಾರಿಯ ಸಹಿಗೆಂದು ಬಿಟ್ಟ ಜಾಗದಲ್ಲಿ ಇನ್ನೂ ಸಹಿ ಇಲ್ಲ.